ಮನೆ ಬಿಯರ್‌ಗೆ ಎಂಥ ನೀರು? ಮೊದಲು ಕ್ಲೋರಿನ್ ತೆಗೀಬೇಕು

ಅಮೆರಿಕದಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ಬಿಯರ್ ತಯಾರಿಸಲು 1978ರ ಫೆಡರಲ್ ಕಾಯ್ದೆ ದಾರಿ ಮಾಡಿಕೊಟ್ಟಿತು. ಅಲ್ಲಿ ಹೊಸಬರು ಎಡವೋದು ಹೆಚ್ಚಾಗಿ ನೀರಲ್ಲೇ.

ನಲ್ಲಿ ನೀರಿನ ಕ್ಲೋರಿನ್, ಕ್ಲೋರಮೈನ್ ಮಾಲ್ಟ್ ಜತೆ ಸೇರಿದ್ರೆ ಬಿಯರ್‌ಗೆ ಆಸ್ಪತ್ರೆ ವಾಸನೆ ಬರುತ್ತೆ. ವಾರಗಟ್ಟಲೆ ಕಾದಿದ್ದೆಲ್ಲ ಚರಂಡಿಪಾಲು.

ಕುದಿಸಿದ್ರೆ ಕ್ಲೋರಿನ್ ಹೋಗುತ್ತೆ, ಕ್ಲೋರಮೈನ್ ಸುಲಭಕ್ಕೆ ಹೋಗಲ್ಲ. ಅದಕ್ಕೆ ಕ್ಯಾಂಪ್ಡೆನ್ ಮಾತ್ರೆ ಪುಡಿ ಮಾಡಿ ಕಲಸ್ತಾರೆ. ಸುಮಾರು 75 ಲೀಟರ್‌ಗೆ ಒಂದೇ ಮಾತ್ರೆ ಸಾಕು, ಕೆಲವೇ ನಿಮಿಷದ ಕೆಲಸ. ಇದರಲ್ಲಿ ಸಲ್ಫೈಟ್ ಇರೋದ್ರಿಂದ ಅಸ್ತಮಾ ಇರುವವರು ಹುಷಾರಾಗಿರಬೇಕು.

ಮಾಲ್ಟ್ ಎಕ್ಸ್‌ಟ್ರಾಕ್ಟ್ ಬಳಸುವ ಹೊಸಬರಿಗೆ ಜಿಪ್ಸಂ ಲೆಕ್ಕ ಬೇಡ. ಲವಣಾಂಶ ಅದರಲ್ಲೇ ಇರುತ್ತೆ.

ನಮ್ಮಲ್ಲಿ ಮಾತ್ರ ಎಚ್ಚರ: ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಮನೆಯೊಳಗಾದರೂ ಸರಿ.