ಐದು ಗೆರೆಗಳ ಮೇಲಿನ ಪಾಠ: ಕ್ವಾಂಟಮ್ ಪ್ರೋಗ್ರಾಮಿಂಗ್ ಕಲಿಕೆಯ ಚರಿತ್ರೆ

ಕ್ವಾಂಟಮ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ವಿದ್ಯೆ ಆ ಕಂಪ್ಯೂಟರಿಗಿಂತ ಮೊದಲೇ ಹುಟ್ಟಿತು. 1981ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಸಮ್ಮೇಳನವೊಂದರಲ್ಲಿ ರಿಚರ್ಡ್ ಫೈನ್‌ಮನ್, ಪರಮಾಣುಗಳ ನಡವಳಿಕೆಯನ್ನು ಲೆಕ್ಕ ಹಾಕಬೇಕಾದರೆ ಅವುಗಳ ನಿಯಮಗಳಿಂದಲೇ ನಡೆಯುವ ಯಂತ್ರ ಬೇಕು ಎಂದು ವಾದಿಸಿದರು. 1985ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ ಅಂಥ ಯಂತ್ರಕ್ಕೆ ಗಣಿತದ ರೂಪ ಕೊಟ್ಟರು. ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಬೇಗ ಕಂಡುಹಿಡಿಯುವ ವಿಧಾನವನ್ನು ಬೆಲ್ ಲ್ಯಾಬ್ಸಿನ ಪೀಟರ್ ಶೋರ್ 1994ರಲ್ಲಿ ತೋರಿಸಿದರು. ದೆಹಲಿ ಐಐಟಿಯಲ್ಲಿ ಓದಿ ಅದೇ ಬೆಲ್ ಲ್ಯಾಬ್ಸ್ ಸೇರಿದ್ದ ಲವ್ ಗ್ರೋವರ್ 1996ರಲ್ಲಿ ಹುಡುಕಾಟದ ವಿಧಾನವನ್ನು ಪ್ರಕಟಿಸಿದರು. ವಿಧಾನಗಳೇನೋ ಸಿದ್ಧವಾದವು, ನಡೆಸಿ ನೋಡಲು ಯಂತ್ರವಿರಲಿಲ್ಲ. ಕಲಿಯುವವರಿಗೆ ಕಪ್ಪುಹಲಗೆ, ಸೀಮೆಸುಣ್ಣ ಮತ್ತು ಮ್ಯಾಟ್ರಿಕ್ಸ್ ಗುಣಾಕಾರವೇ ಗತಿ. ದಡದಲ್ಲಿ ಕುಳಿತು ಈಜು ಕಲಿಯುವ ಪರಿಸ್ಥಿತಿ ಅದು.

ಈ ಕೊರತೆ ತುಂಬಲು ಬಂದ ಮೊದಲ ಸಾಧನಗಳಲ್ಲೊಂದು ಕ್ಯೂಸಿಎಲ್ ಎಂಬ ಭಾಷೆ. ವಿಯೆನ್ನಾದ ಬೆರ್ನ್‌ಹಾರ್ಡ್ ಓಮರ್ ಇದನ್ನು 1998ರ ಹೊತ್ತಿಗೆ ರೂಪಿಸಿದರು. ಸಿ ಭಾಷೆ ಬಲ್ಲವರಿಗೆ ಪರಿಚಿತವೆನಿಸುವ ವ್ಯಾಕರಣ ಅದಕ್ಕಿತ್ತು. ಸಾಮಾನ್ಯ ಕಂಪ್ಯೂಟರಿನೊಳಗೇ ಒಂದು ಕಾಲ್ಪನಿಕ ಕ್ವಾಂಟಮ್ ಯಂತ್ರವನ್ನು, ಎಂದರೆ ಸಿಮ್ಯುಲೇಟರನ್ನು, ಕಟ್ಟಿಕೊಂಡು ಅದು ಪ್ರೋಗ್ರಾಂ ನಡೆಸುತ್ತಿತ್ತು. 2000ದಲ್ಲಿ ಮೈಕೆಲ್ ನೀಲ್ಸನ್ ಮತ್ತು ಐಸಾಕ್ ಚುವಾಂಗ್ ಬರೆದ ಪಠ್ಯಪುಸ್ತಕ ಹೊರಬಂದು, ಈ ವಿಷಯ ಕಲಿಯುವವರೆಲ್ಲರ ಮೇಜಿನ ಮೇಲೆ ನೆಲೆಸಿತು. ಮರುವರ್ಷವೇ ಐಬಿಎಂ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಒಂದು ಅಣುವಿನ ಏಳು ಪರಮಾಣು ಬೀಜಗಳನ್ನೇ ಕ್ಯೂಬಿಟ್‌ಗಳಾಗಿ, ಎಂದರೆ ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಘಟಕಗಳಾಗಿ, ಬಳಸಿ, 15 ಎಂದರೆ 3 ಗುಣಿಲೆ 5 ಎಂದು ಶೋರ್ ವಿಧಾನದಿಂದ ಕಂಡುಕೊಂಡರು. ಆದರೆ ಆ ಉಪಕರಣ ಪ್ರಯೋಗಾಲಯದವರ ಕೈಗೆ ಮಾತ್ರ ಎಟುಕುವಂಥದು.

ಬಾಗಿಲು ಮೊದಲು ತೆರೆದದ್ದು ಇಂಗ್ಲೆಂಡಿನಲ್ಲಿ. 2013ರ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ, ಬೆಳಕಿನ ಕಣಗಳಿಂದ ನಡೆಯುವ ಎರಡು ಕ್ಯೂಬಿಟ್‌ಗಳ ಚಿಪ್ಪನ್ನು ಇಂಟರ್ನೆಟ್ಟಿನ ಮೂಲಕ ಸಾರ್ವಜನಿಕರ ಬಳಕೆಗೆ ಒದಗಿಸಿತು. ಮೊದಲು ಸಿಮ್ಯುಲೇಟರಿನಲ್ಲಿ ಕೈ ಪಳಗಿಸಿಕೊಳ್ಳುವುದು, ಆಮೇಲೆ ನಿಜವಾದ ಚಿಪ್ಪಿಗೆ ಪ್ರಯೋಗ ಕಳಿಸುವುದು ಅಲ್ಲಿನ ಕ್ರಮ. ಮುಂದೆ ಬಂದವರೂ ಇದೇ ದಾರಿ ಹಿಡಿದರು.

2016ರ ಮೇ 4ರಂದು ಐಬಿಎಂ ಸಂಸ್ಥೆ ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿದ್ದ ಐದು ಕ್ಯೂಬಿಟ್‌ಗಳ ಯಂತ್ರವನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಈ ಚರಿತ್ರೆಯ ದೊಡ್ಡ ತಿರುವು ಇದೇ. ಅತಿವಾಹಕ ಲೋಹದ ಚಿಪ್ಪು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರರಲ್ಲೊಂದೆರಡು ಪಾಲಷ್ಟೇ ಮೇಲಿನ ಚಳಿಯಲ್ಲಿ ಶೈತ್ಯಯಂತ್ರದೊಳಗೆ ತೂಗಿಕೊಂಡಿರುತ್ತಿತ್ತು. ಕಲಿಯುವವರ ಮುಂದಿನ ಪರದೆಯಲ್ಲಿ ಐದು ಅಡ್ಡಗೆರೆಗಳು, ಒಂದೊಂದು ಗೆರೆಗೆ ಒಂದೊಂದು ಕ್ಯೂಬಿಟ್. ಪಾಶ್ಚಾತ್ಯ ಸಂಗೀತದ ಸ್ವರಪತ್ರದಲ್ಲೂ ಐದೇ ಗೆರೆ. ಹಾಗಾಗಿ ಈ ಸಾಧನಕ್ಕೆ ಕಂಪೋಸರ್ ಎಂಬ ಹೆಸರು ಚೆನ್ನಾಗಿ ಒಪ್ಪಿತು. ಕ್ಯೂಬಿಟ್ ಮೇಲೆ ನಡೆಸುವ ಕ್ರಿಯೆಗಳಾದ ಗೇಟುಗಳ ಚೌಕಗಳನ್ನು ಎಳೆದು ತಂದು ಗೆರೆಯ ಮೇಲೆ ಕೂರಿಸಿದರೆ ಪ್ರೋಗ್ರಾಂ ಆಯಿತು.

ಮೊದಲ ಪಾಠ ಸಾಮಾನ್ಯವಾಗಿ ಎರಡು ಕ್ಯೂಬಿಟ್‌ಗಳದು. ಒಂದು ಗೆರೆಯ ಮೇಲೆ ‘ಎಚ್’ ಎಂದು ಬರೆದಿರುವ ಹಡಮಾರ್ಡ್ ಗೇಟ್ ಇಟ್ಟರೆ ಆ ಕ್ಯೂಬಿಟ್ 0 ಮತ್ತು 1 ಎರಡೂ ಬೆರೆತ ಸ್ಥಿತಿಗೆ ಬರುತ್ತದೆ. ಅದರಿಂದ ಇನ್ನೊಂದು ಗೆರೆಗೆ, ಮೊದಲನೆಯದು 1 ಆಗಿದ್ದರೆ ಮಾತ್ರ ಗುರಿಯಾದ ಎರಡನೆಯದನ್ನು ತಿರುವುವ ಸಿ-ನಾಟ್ ಗೇಟ್ ಹಾಕಿದರೆ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೊನೆಗೆ ಅಳತೆ. ಇಷ್ಟನ್ನೇ 1024 ಸಲ ನಡೆಸಿದರೆ, ಪುಸ್ತಕದ ಪ್ರಕಾರ ಸುಮಾರು ಅರ್ಧದಷ್ಟು ಸಲ 00, ಉಳಿದರ್ಧ 11 ಬರಬೇಕು. ಆದರೆ ಯಂತ್ರದಿಂದ ಬಂದ ಫಲಿತಾಂಶದ ಕಂಬಚಿತ್ರದಲ್ಲಿ ಎರಡು ಎತ್ತರದ ಕಂಬಗಳ ಪಕ್ಕದಲ್ಲೇ 01 ಮತ್ತು 10ರ ಎರಡು ಕುಳ್ಳ ಕಂಬಗಳೂ ಕಾಣುತ್ತಿದ್ದವು. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಕ್ಯೂಬಿಟ್ ತನ್ನ ಸ್ಥಿತಿಯನ್ನು ಕಾಯ್ದುಕೊಳ್ಳುತ್ತಿದ್ದದ್ದು ಹತ್ತಾರು ಮೈಕ್ರೋಸೆಕೆಂಡುಗಳಷ್ಟು ಹೊತ್ತು ಮಾತ್ರ. ಅಷ್ಟರೊಳಗೂ ಗೇಟು ಅಳ್ಳಾಡುತ್ತಿತ್ತು, ಅಳತೆ ತಪ್ಪುತ್ತಿತ್ತು. ಕಪ್ಪುಹಲಗೆಯ ಮೇಲೆ ಎಂದೂ ಮೂಡದ ಆ ಎರಡು ಕುಳ್ಳ ಕಂಬಗಳೇ ಈ ಯಂತ್ರ ಕಲಿಸಿದ ಅತ್ಯಂತ ಬೆಲೆಯುಳ್ಳ ಪಾಠ.

ಇನ್ನೊಂದು ತೊಡಕೂ ಇತ್ತು. ಆ ಚಿಪ್ಪಿನಲ್ಲಿ ನಾಲ್ಕು ಕ್ಯೂಬಿಟ್‌ಗಳು ನಡುವಿನ ಒಂದಕ್ಕೆ ಮಾತ್ರ ಜೋಡಣೆಯಾಗಿದ್ದವು, ಸಿ-ನಾಟ್‌ನ ಗುರಿ ಯಾವಾಗಲೂ ಆ ನಡುವಿನದೇ ಆಗಬೇಕಿತ್ತು. ದಿಕ್ಕು ತಿರುಗಿಸಬೇಕೆಂದರೆ ಗೇಟಿನ ಹಿಂದೆ ಮುಂದೆ ಎರಡೆರಡರಂತೆ ನಾಲ್ಕು ಹಡಮಾರ್ಡ್ ಗೇಟುಗಳನ್ನು ಸೇರಿಸಬೇಕಿತ್ತು. ಪುಸ್ತಕದಲ್ಲಿ ಒಂದು ಸಾಲಿನ ಸಮೀಕರಣವಾಗಿ ಕಣ್ಣು ತಪ್ಪಿಸಿಕೊಂಡು ಹೋಗುವ ಈ ಸಂಗತಿ, ಇಲ್ಲಿ ಕೆಲಸ ಸಾಗಬೇಕಾದರೆ ಬಳಸಲೇಬೇಕಾದ ಉಪಾಯವಾಯಿತು.

ಚೌಕ ಎಳೆದು ಕೂರಿಸುವ ಕ್ರಮ ಐದಾರು ಗೆರೆಗಳಿಗೆ ಸರಿ, ನೂರಾರು ಗೇಟುಗಳಿಗೆ ಒದಗದು. 2017ರಲ್ಲಿ ಐಬಿಎಂ ಪೈಥಾನ್ ಭಾಷೆಯಲ್ಲಿ ಬಳಸಬಹುದಾದ ಕಿಸ್ಕಿಟ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದಿತು. ರಿಗೆಟ್ಟಿ ಸಂಸ್ಥೆಯ ಪೈಕ್ವಿಲ್, ಮೈಕ್ರೋಸಾಫ್ಟಿನ ಕ್ಯೂ-ಶಾರ್ಪ್, ಗೂಗಲ್ಲಿನ ಸರ್ಕ್, ಝನಾಡು ಸಂಸ್ಥೆಯ ಪೆನ್ನಿಲೇನ್ ಆಸುಪಾಸಿನ ವರ್ಷಗಳಲ್ಲೇ ಬಂದವು. ಕಲಿಕೆಯ ದೃಷ್ಟಿಯಿಂದ ವಿಶೇಷ ಗಮನಕ್ಕೆ ಯೋಗ್ಯವಾದವು 2018ರಲ್ಲಿ ಮೈಕ್ರೋಸಾಫ್ಟ್ ಆರಂಭಿಸಿದ ‘ಕ್ವಾಂಟಮ್ ಕಾಟಾ’ಗಳು. ಜಪಾನಿನ ಕರಾಟೆಯಲ್ಲಿ ಒಂದೇ ವರಸೆಯನ್ನು ಮತ್ತೆ ಮತ್ತೆ ಮಾಡಿ ಮೈಗೂಡಿಸಿಕೊಳ್ಳುವುದಕ್ಕೆ ಕಾಟಾ ಎನ್ನುತ್ತಾರೆ. ಇಲ್ಲಿ ಪುಟ್ಟ ಪುಟ್ಟ ಲೆಕ್ಕಗಳು, ಉತ್ತರ ಬರೆದ ಕೂಡಲೇ ಸರಿಯೋ ತಪ್ಪೋ ಯಂತ್ರವೇ ಹೇಳುತ್ತದೆ. ಪಕ್ಕದಲ್ಲಿ ಗುರುವಿಲ್ಲದ ವಿದ್ಯಾರ್ಥಿಗೆ ಇದು ದೊಡ್ಡ ಆಸರೆ.

ಇಂಥ ಅಭ್ಯಾಸ ನಡೆಯುವ ಸಿಮ್ಯುಲೇಟರಿಗೊಂದು ಮಿತಿಯುಂಟು. ಒಂದು ಕ್ಯೂಬಿಟ್ ಹೆಚ್ಚಿದಾಗಲೆಲ್ಲ ನೆನಪಿಡಬೇಕಾದ ಸಂಖ್ಯೆಗಳು ಇಮ್ಮಡಿಯಾಗುತ್ತವೆ. 5 ಕ್ಯೂಬಿಟ್‌ಗಳಿಗೆ 32 ಸಂಖ್ಯೆ ಸಾಕು. 30 ಆದರೆ 107 ಕೋಟಿ ದಾಟಿ ಸುಮಾರು 16 ಗಿಗಾಬೈಟ್ ಮೆಮೊರಿ ಬೇಡುತ್ತವೆ. ಲ್ಯಾಪ್‌ಟಾಪ್ ಏದುಸಿರು ಬಿಡುವುದು ಅಲ್ಲಿಯೇ. ಆದರೆ ಕಲಿಯಲು ಬೇಕಾದ ಪ್ರೋಗ್ರಾಂಗಳಲ್ಲಿ ಬಹುಪಾಲು ಹತ್ತು ಕ್ಯೂಬಿಟ್‌ಗಳೊಳಗೇ ಮುಗಿಯುತ್ತವೆ.

ಭಾರತದಲ್ಲಿ 2021ರ ಆಗಸ್ಟಿನಲ್ಲಿ ಬಿಡುಗಡೆಯಾದ ಕ್ಯೂಸಿಮ್ ಎಂಬ ಸಿಮ್ಯುಲೇಟರ್ ಇದೇ ಪರಂಪರೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರೂರ್ಕಿ ಐಐಟಿ ಮತ್ತು ಸರ್ಕಾರಿ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ಕೂಡಿ ಇದನ್ನು ಸಿದ್ಧಪಡಿಸಿದವು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಡಿಯ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ನೆಲೆಗೊಂಡದ್ದೂ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ. 2016ರ ಐದು ಕ್ಯೂಬಿಟ್‌ಗಳ ಯಂತ್ರ ಈಗ ಸೇವೆಯಲ್ಲಿಲ್ಲ. ಅದರ ಜಾಗದಲ್ಲಿ ನೂರಕ್ಕೂ ಹೆಚ್ಚು ಕ್ಯೂಬಿಟ್‌ಗಳ ಯಂತ್ರಗಳು ಬಂದಿವೆ. ಆದರೂ ಕ್ಯೂಸಿಮ್‌ನಲ್ಲಿ ಹಳೆಯ ಯಂತ್ರದಂಥ ಕುಳ್ಳ ಕಂಬಗಳನ್ನು ಇಂದಿಗೂ ತರಿಸಬಹುದು. ಕಲಿಯುವವರು ಅದೇ ಎರಡು ಕ್ಯೂಬಿಟ್‌ಗಳ ಪ್ರೋಗ್ರಾಮನ್ನು ಒಮ್ಮೆ ದೋಷವಿಲ್ಲದೆ, ಇನ್ನೊಮ್ಮೆ ದೋಷ ಬೆರೆಸಿ ನಡೆಸಿ, ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.