ಉಪ್ಪಿನ ಬೇಲಿಗೆ ಹಬ್ಬಿಸಿದ್ದ ಗಜ್ಜುಗ

ಹೊಸದಾಗಿ ನೆಟ್ಟ ಜೀವಂತ ಬೇಲಿಗೆ ಯಾವ ಬಳ್ಳಿ ಹಬ್ಬಿಸಬಹುದು ಅಂತ ಈ ಸಲ ಮಳೆ ಶುರುವಾದ ಮೇಲೆ ನಾಲ್ಕೈದು ಜನ ಕೇಳಿದ್ರು. ತೊಂಡೆ, ಹಾಗಲ ನಿಮಗೆ ಗೊತ್ತಿರೋದೇ. ಕಾವಲಿಗೆ ಅಂತಾದ್ರೆ ನಾನು ಹೇಳೋದು ಗಜ್ಜುಗ. ಕೆಲವರು ಗಜಗ ಅಂತೀರಿ. ನೂರೈವತ್ತು ವರ್ಷದ ಹಿಂದೆ ಉತ್ತರದಲ್ಲಿ ನೂರಾರು ಮೈಲಿ ಬೇಲಿಗೆ ಇದನ್ನೇ ಹಬ್ಬಿಸಿದ್ರು.

ಅದು ದನ ತಡೆಯೋ ಬೇಲಿಯಲ್ಲ, ಉಪ್ಪು ತಡೆಯೋ ಬೇಲಿ. ಬ್ರಿಟಿಷರ ಬಂಗಾಳ ಪ್ರಾಂತ್ಯದಲ್ಲಿ ಉಪ್ಪಿನ ತೆರಿಗೆ ವಿಪರೀತ. ಪಶ್ಚಿಮದ ಸಂಸ್ಥಾನಗಳ ಕಡೆ, ಸಾಂಭರ್ ಸರೋವರದಂಥ ಜಾಗದಲ್ಲಿ ಉಪ್ಪು ಅಗ್ಗ. ಅದು ಸುಂಕ ಕಟ್ಟದೆ ಒಳಗೆ ಬರಬಾರದು ಅಂತ ಸುಂಕದ ಗಡಿ ಎಳೆದ್ರು. 1869ರ ಹೊತ್ತಿಗೆ ಆ ಗಡಿ ಸಿಂಧೂ ನದಿಯಿಂದ ಮಹಾನದಿವರೆಗೆ ಸುಮಾರು 2,300 ಮೈಲಿ, ಕಾವಲಿಗೆ ಹತ್ತಿರಹತ್ತಿರ 12,000 ಜನ. ನಮ್ಮ ಕಡೆಗೆ ಅದು ಬರಲಿಲ್ಲ.

ಮೊದಲು ಹಾಕಿದ್ದು ಮುಳ್ಳುಕಂಟಿ ಕಡಿದು ಒಟ್ಟಿದ ಒಣ ಬೇಲಿ. ಗೆದ್ದಲು ತಿಂತು, ಬೆಂಕಿ ಬಿತ್ತು, ಬಿರುಗಾಳಿ ಹೊತ್ಕೊಂಡು ಹೋಯ್ತು. ಒಣ ಬೇಲಿ ಕಟ್ಟಿದ ಯಾರಿಗಾದ್ರೂ ಈ ಕಥೆ ಗೊತ್ತು. 1867ರಲ್ಲಿ ಸುಂಕದ ಕಮಿಷನರ್ ಆಗಿ ಬಂದವನು ಅಲನ್ ಆಕ್ಟೇವಿಯನ್ ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಮುಂದಾಳು ಅವನೇ! ಹಸಿ ಬೇಲಿಯೇ ಆಗಬೇಕು ಅಂತ ಅವನು ಹಟ ಹಿಡಿದ. ನೆಲ ಸರಿಯಿಲ್ಲದ ಕಡೆ ಒಳ್ಳೆ ಮಣ್ಣು ಹೊರಿಸಿದ, ಬಾವಿ ತೋಡಿಸಿದ. ಜಾಲಿ, ಬೋರೆ, ಕವಳೆ, ಪಾಪಾಸುಕಳ್ಳಿ, ಬೇರೆ ಕಳ್ಳಿಗಳು, ಆಯಾ ನೆಲಕ್ಕೆ ಬಂದದ್ದು. ಚೆನ್ನಾಗಿ ಬಂದ ಕಡೆ ಬೇಲಿ ಹತ್ತರಿಂದ ಹದಿನಾಲ್ಕು ಅಡಿ ಎತ್ತರ, ಆರರಿಂದ ಹನ್ನೆರಡು ಅಡಿ ದಪ್ಪ. ಅದರ ನಡುವೆಯೆಲ್ಲ ಹೆಣೆದುಕೊಂಡಿದ್ದು ಗಜ್ಜುಗದ ಬಳ್ಳಿ.

ಯಾಕೆ ಅದೇ ಅಂದ್ರೆ, ಜಾಲಿ ಎಷ್ಟೇ ಒತ್ತಾಗಿ ನೆಟ್ರೂ ಬುಡದಲ್ಲಿ ಸಂದಿ ಉಳೀತದೆ. ಗಜ್ಜುಗಕ್ಕೆ ಕಾಂಡಕ್ಕೂ ಎಲೆದಂಟಿಗೂ ಕೊಕ್ಕೆಮುಳ್ಳು. ಪಕ್ಕದ ಕೊಂಬೆಗೆ ಸಿಕ್ಕಿಕೊಂಡು ಏರ್ತಾ ಗಿಡಗಿಡಕ್ಕೂ ಹೊಲಿಗೆ ಹಾಕಿಬಿಡ್ತದೆ. ನುಗ್ಗಿದ ಮನುಷ್ಯ ಪಂಚೆ ಬಿಟ್ಟೇ ಹೋಗಬೇಕು.

ಬೇಲಿ ಅಷ್ಟು ಗಟ್ಟಿಯಾದದ್ದರಿಂದ ನೋವು ಯಾರಿಗೆ? ಕೂಲಿಯವನ ಗಂಜಿಗೆ, ಉಪ್ಪು ನೆಕ್ಕೋ ದನಕ್ಕೆ. ಜನ ಸುಮ್ಮನಿರಲಿಲ್ಲ, ಉಪ್ಪಿನ ಮೂಟೆ ಬೇಲಿ ಮೇಲಿಂದ ಆಚೆಗೆ ಎಸೀತಿದ್ರು. ಕೊನೆಗೆ ಎಲ್ಲ ಪ್ರಾಂತ್ಯಗಳ ತೆರಿಗೆ ಹೆಚ್ಚುಕಮ್ಮಿ ಸಮ ಮಾಡಿ, 1879ರ ಏಪ್ರಿಲ್ 1ಕ್ಕೆ ಗಡಿಯನ್ನೇ ಕೈಬಿಟ್ರು. ಸಮ ಮಾಡೋದು ಅಂದ್ರೆ ಅಲ್ಲಿ ಇಳಿಸಿ ಮದ್ರಾಸ್, ಬೊಂಬಾಯಿ ಪ್ರಾಂತ್ಯದಲ್ಲಿ ಏರಿಸಿದ್ದು. ನಮ್ಮ ಕರಾವಳಿ ಆಗ ಆ ಎರಡರಲ್ಲೇ ಹಂಚಿಹೋಗಿತ್ತು. ಬೇಲಿ ಕಾಣದ ನಮ್ಮವರೂ ಹೀಗೆ ಅದರ ಬಾಬ್ತು ಕಟ್ಟಿದ್ರು. ಆಮೇಲೆ ಬೇಲಿ ಎಲ್ಲರಿಗೂ ಮರೆತೇಹೋಯ್ತು. 1998ರಲ್ಲಿ ರಾಯ್ ಮಾಕ್ಸ್‌ಹ್ಯಾಮ್ ಅನ್ನೋ ಇಂಗ್ಲಿಷಿನವರು ಹುಡುಕ್ಕೊಂಡು ಬಂದಾಗ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಒಂದು ತುಣುಕು ಸಿಕ್ತು.

ಈಗ ನಮ್ಮ ಬೇಲಿಗೆ ಬರೋಣ. ಗಿಡದ ಜೊತೆಗೇ ಬಳ್ಳಿ ಬೀಜ ಊರಬೇಡಿ, ಎಳೆ ಗಿಡವನ್ನ ಅದು ಮುಚ್ಚಿ ಮಲಗಿಸಿಬಿಡ್ತದೆ. ಗಿಡ ಎದೆಮಟ್ಟ ಬಂದು ಒಂದೆರಡು ಸಲ ಸವರಿದ ಮೇಲೆ ಸಂದಿ ಕಂಡ ಕಡೆ ಮಾತ್ರ ಊರಿ. ಬೀಜದ ಸಿಪ್ಪೆ ಕಲ್ಲಿನಂಥದ್ದು, ಹಾಗೇ ಹಾಕಿದ್ರೆ ತಿಂಗಳುಗಟ್ಟಲೆ ಮೊಳೆಯೋದಿಲ್ಲ. ಚಿಕ್ಕವರಿದ್ದಾಗ ಕಲ್ಲಿಗೆ ಉಜ್ಜಿ ಪಕ್ಕದವನಿಗೆ ಬಿಸಿ ಮುಟ್ಟಿಸ್ತಿದ್ವಲ್ಲ, ಹಾಗೇ ಒಂದು ಮಗ್ಗುಲು ಸವೆಯೋವರೆಗೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ. ವರ್ಷಕ್ಕೆರಡು ಸಲ ಸವರದಿದ್ರೆ ಬೇಲಿ ನಿಮ್ಮ ಹೊಲದೊಳಕ್ಕೇ ಬರ್ತದೆ.

ಬೀಜ ಬೇಕಾದವರು ಕಾಯಿ ಒಣಗಿದ ಮೇಲೆ ಬನ್ನಿ. ಕಾಯಿಗೂ ಮೈತುಂಬ ಮುಳ್ಳು, ದಪ್ಪ ಗೋಣಿಚೀಲ ತನ್ನಿ.