ಪಾಯಿಂಟ್ ತೆಗೆದ ಮೇಲೆ ಉಳಿಯುವುದೇನು?

ಅಂಬಾಸಿಡರಿನ ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರಿನ ಎರಡು ಕ್ಲಿಪ್ ಬಿಡಿಸಿದರೆ ಕಪ್ಪು ಮುಚ್ಚಳ ಕೈಗೆ ಬರುತ್ತದೆ. ಮುಚ್ಚಳದ ಕೆಳಗೆ ರೋಟರ್, ರೋಟರಿನ ಕೆಳಗೆ ಪಾಯಿಂಟ್. ಪಾಯಿಂಟ್ ಎಂದರೆ ಎದುರುಬದುರು ಕೂತ ಎರಡು ಲೋಹದ ತುದಿ, ಒಂದೊಂದೂ ಜೋಳದ ಕಾಳಿನಷ್ಟು. ಪೂರ್ತಿ ತೆರೆದಾಗ ಇವುಗಳ ನಡುವಿನ ಸಂದು 0.35ರಿಂದ 0.40 ಮಿಲಿಮೀಟರ್ ಇರಬೇಕು. ಅಷ್ಟು ದೊಡ್ಡ ಗಾಡಿ ಚಾಲೂ ಆಗುವುದು, ಏರು ಹತ್ತುವುದು, ಎಣ್ಣೆ ಕುಡಿಯುವುದು ಎಲ್ಲವೂ ಈ ಸಂದನ್ನು ನಂಬಿಕೊಂಡಿದೆ. ನೂರಿಪ್ಪತ್ತು ವರ್ಷಗಳ ಇಗ್ನಿಷನ್ ಚರಿತ್ರೆಯನ್ನು ಕಿಡಿಯ ಬಲ ಹೆಚ್ಚಿಸುತ್ತ ಹೋದ ಕಥೆಯೆಂದು ಹೇಳುವುದು ರೂಢಿ. ಈ ಎರಡು ಕಾಳುಗಳ ಮೇಲಿನ ಭಾರ ಇಳಿಸಿ ಕಿಡಿಯನ್ನು ಹೊತ್ತಿಗೆ ಸರಿಯಾಗಿ ತರಿಸಿದ ಕಥೆ ಎಂದರೆ ಸತ್ಯಕ್ಕೆ ಹತ್ತಿರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹಳೇ ಕಾರನ್ನು ಇನ್ನೂ ಓಡಿಸುವವರು ಇಗ್ನಿಷನ್ ಬದಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು. ಬಲ ಬೇಕೆಂದು ಬದಲಿಸಿದವರಿಗೆ ಸಿಗುವುದು ನಿರಾಸೆ.

ವಿದ್ಯುತ್ ಕಿಡಿಯಿಂದ ಎಂಜಿನ್ ನಡೆಸುವ ಕೆಲಸವನ್ನು ಲೆನ್ವಾರ್ ಎಂಬಾತ 1860ರಲ್ಲೇ ಮಾಡಿದ್ದ. ಅದು ದಾರಿಯ ಮೇಲೆ ನಂಬಬಹುದಾದ ಸಾಧನವಾದದ್ದು 1902ರಲ್ಲಿ, ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದಾಗ. ಮ್ಯಾಗ್ನೆಟೊಗೆ ಬ್ಯಾಟರಿ ಬೇಡ, ಅಯಸ್ಕಾಂತ ತಿರುಗಿದರೆ ಸಾಕು. ಆದರೆ ನಿಧಾನ ತಿರುಗಿದರೆ ಕಿಡಿಯೂ ದುರ್ಬಲ. ಅಮೆರಿಕದ ಡೇಟನ್ ಊರಿನ ಒಂದು ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್ ಮೂರನ್ನೂ ಜೋಡಿಸಿದ. ಅದು 1910ರ ಕ್ಯಾಡಿಲಾಕ್ ಕಾರಿಗೆ ಬಂತು. ಪಾಯಿಂಟ್ ಮುಚ್ಚಿರುವಾಗ ಕಾಯಿಲಿನಲ್ಲಿ ಕರೆಂಟ್ ತುಂಬುತ್ತದೆ. ಪಾಯಿಂಟ್ ತೆರೆದ ಕ್ಷಣಕ್ಕೆ ಕರೆಂಟ್ ತುಂಡಾಗಿ ಕಾಯಿಲಿನ ಎರಡನೇ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿಗೆ ಹಾರುತ್ತದೆ. ಮುಂದಿನ ಅರವತ್ತು ವರ್ಷ ಲೋಕದ ಪೆಟ್ರೋಲ್ ಕಾರುಗಳೆಲ್ಲ ಹೆಚ್ಚುಕಡಿಮೆ ಇದೇ ಏರ್ಪಾಡಿನಲ್ಲಿ ಓಡಿದವು. ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ, ಅಂದರೆ ಇಂದಿನ ಬಾಷ್, ಡೀಸೆಲ್ ಪಂಪಿನ ಜೊತೆಗೆ ಸ್ಪಾರ್ಕ್ ಪ್ಲಗ್ಗನ್ನೂ ಮಾಡಿತು. ಪ್ಲಗ್ ಡಬ್ಬಿಯ ಮೇಲೆ ಕಾಣುತ್ತಿದ್ದ ಆ ಹೆಸರು ಮೈಕೋ ಲೇಔಟ್ ಆಗಿ ರಾಜಧಾನಿಯ ನಕ್ಷೆಯಲ್ಲಿ ಉಳಿದಿದೆ.

ಪಾಯಿಂಟಿನ ಕಷ್ಟ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಕೇಳುತ್ತದೆ. ನಿಮಿಷಕ್ಕೆ 3000 ಸುತ್ತಾದರೆ ಸೆಕೆಂಡಿಗೆ 100 ಕಿಡಿ, ಗಂಟೆಗೆ 3.6 ಲಕ್ಷ. ಅಷ್ಟೂ ಸಲ ಪಾಯಿಂಟ್ ತೆರೆದು ಮುಚ್ಚಬೇಕು. ಪ್ರತಿ ಸಲವೂ ಲೋಹ ಒಂದಿಷ್ಟು ಸುಡುತ್ತದೆ, ಕ್ಯಾಮಿಗೆ ತಾಗಿ ನಡೆಯುವ ಫೈಬರ್ ತುಂಡು ಒಂದಿಷ್ಟು ಸವೆಯುತ್ತದೆ. ಫೈಬರ್ ಸವೆದಂತೆ ಸಂದು ಕಿರಿದಾಗಿ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿ ಹಿಂದೆ ಬೀಳುತ್ತದೆ. ಇದು ಒಂದೇ ದಿನದಲ್ಲಿ ಆಗುವುದಿಲ್ಲವಾದ್ದರಿಂದ ಓಡಿಸುವವನಿಗೆ ತಿಳಿಯುವುದೂ ಇಲ್ಲ. ಪಿಕಪ್ ಕುಂದುತ್ತದೆ, ಎಂಜಿನ್ ಬೇಗ ಕಾಯುತ್ತದೆ, ಎಂಜಿನ್ನಿಗೇ ವಯಸ್ಸಾಯಿತು ಅಂದುಕೊಳ್ಳುತ್ತಾನೆ. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಎರೆ ನೆಲದಲ್ಲಿ ಬೇಸಿಗೆಯ ನುಣ್ಣನೆ ಧೂಳು ಇದಕ್ಕೆ ಸೇರಿದರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆ ಬಯಲಿನಲ್ಲಿ ಮಳೆಗಾಲದ ತೇವ ಬಿರುಕುಬಿಟ್ಟ ಮುಚ್ಚಳದೊಳಗೆ ಇಳಿದು ಕರೆಂಟನ್ನು ಅಡ್ಡದಾರಿಗೆ ಎಳೆಯುತ್ತದೆ. ಒಂದೇ ಜಿಲ್ಲೆಯಲ್ಲಿ ಒಣ ಕಾಟ, ಹಸಿ ಕಾಟ ಎರಡೂ. ಸುಮಾರು 1980ರಲ್ಲಿ ಬಂದ 1489 ಸಿಸಿಯ ಡೀಸೆಲ್ ಅಂಬಾಸಿಡರ್ ಟ್ಯಾಕ್ಸಿಯವರಿಗೆ ಹಿಡಿಸಿದ್ದು ಎಣ್ಣೆಯ ದರಕ್ಕಾಗಿ, ನಿಜ. ಡೀಸೆಲ್ಲಿಗೆ ಪಾಯಿಂಟೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ ಎಂಬುದು ಅದರ ಜೊತೆಗೆ ಸಿಕ್ಕ ಕೊಸರು.

ಪೆಟ್ರೋಲಿನವರಿಗೆ ಬಿಡುಗಡೆ ಬಂದದ್ದು ಹೊಗೆಯ ಕಾನೂನಿನಿಂದ. ಕಾರು 50,000 ಮೈಲಿ ಓಡಿದ ಮೇಲೂ ಅದರ ಹೊಗೆ ಮಿತಿಯಲ್ಲೇ ಇರಬೇಕೆಂದು ಅಮೆರಿಕ 1970ರ ದಶಕದಲ್ಲಿ ಪಟ್ಟು ಹಿಡಿಯಿತು. ಸವೆಯುವ ಪಾಯಿಂಟ್ ಇಟ್ಟುಕೊಂಡು ಅದು ಆಗದ ಮಾತು. 1973ರ ಹೊತ್ತಿಗೆ ಕ್ರೈಸ್ಲರ್ ತನ್ನ ಕಾರುಗಳಿಗೆಲ್ಲ ಪಾಯಿಂಟಿಲ್ಲದ ಇಗ್ನಿಷನ್ ಹಾಕಿತು. ಕ್ಯಾಮ್ ಹೋಗಿ ಅಯಸ್ಕಾಂತದ ಸೆನ್ಸರ್ ಬಂತು, ಪಾಯಿಂಟ್ ಹೋಗಿ ಟ್ರಾನ್ಸಿಸ್ಟರ್ ಬಂತು. ನಮ್ಮಲ್ಲಿ ಕಾರು ಈ ದಾರಿ ಹಿಡಿದದ್ದು ತಡವಾಗಿ, ಬೈಕು ಬೇಗ. ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿಗಳು ಡೈನಮೋ ಬದಿಯ ಪಾಯಿಂಟನ್ನು ನೆಚ್ಚಿಕೊಂಡಿದ್ದ ಕಾಲದಲ್ಲೇ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಹೊತ್ತು ತಂದಿತ್ತು. ಅದರಲ್ಲಿ ಪಾಯಿಂಟ್ ಇಲ್ಲವಲ್ಲ ಎಂದು ಯಾರೂ ಮರುಗಲಿಲ್ಲ. ಇವತ್ತು ಭತ್ತಕ್ಕೆ ಔಷಧ ಹೊಡೆಯುವ ಪೆಟ್ರೋಲ್ ಸ್ಪ್ರೇಯರಿನ ಪುಟ್ಟ ಎಂಜಿನ್ ಕೂಡ ಎಲೆಕ್ಟ್ರಾನಿಕ್ ಕಿಡಿಯಲ್ಲೇ ಓಡುತ್ತದೆ. ಹಳ್ಳಿಗೆ ಎಲೆಕ್ಟ್ರಾನಿಕ್ಸ್ ಹೊಂದುವುದಿಲ್ಲ ಎನ್ನುವವರು ಆ ಸ್ಪ್ರೇಯರನ್ನು ಬೆನ್ನ ಮೇಲೆ ಹೊತ್ತವರನ್ನು ಕೇಳಿ ನೋಡಲಿ.

ಹಳೇ ಡಿಸ್ಟ್ರಿಬ್ಯೂಟರಿನೊಳಗೇ ಪಾಯಿಂಟಿನ ಜಾಗದಲ್ಲಿ ಕೂರುವ ಸಣ್ಣ ಮಾಡ್ಯೂಲುಗಳು ಈಗ ಸಿಗುತ್ತವೆ. ಇವು ಮಾಡುವ ಕೆಲಸ ಒಂದೇ: ಸವೆಯದೆ, ಪ್ರತಿ ಸಲವೂ ಅದೇ ಕ್ಷಣಕ್ಕೆ ಕರೆಂಟ್ ಕತ್ತರಿಸುವುದು. ಹೊಸ ಪಾಯಿಂಟನ್ನು ಫೀಲರ್ ಗೇಜಿನಿಂದ ಸರಿಯಾಗಿ ಹೊಂದಿಸಿದ ಎಂಜಿನ್ನಿಗಿಂತ ಮಾಡ್ಯೂಲ್ ಹಾಕಿದ ಎಂಜಿನ್ ಮೊದಲ ದಿನ ಹೆಚ್ಚೇನೂ ಓಡುವುದಿಲ್ಲ. ಅಂತರ ಕಾಣುವುದು ಐದಾರು ಸಾವಿರ ಕಿಲೋಮೀಟರ್ ಆದಮೇಲೆ. ಹಾಗಾಗಿ ಮಾಡ್ಯೂಲಿನ ಜೊತೆಗೇ ದುಬಾರಿ ಕಾಯಿಲ್ ಮಾರುವವರ ಮಾತಿಗೆ ಅರ್ಧ ಕಿವಿ ಕೊಟ್ಟರೆ ಸಾಕು. ಮೊದಲ ಸುತ್ತಿನ ರೋಧ 3 ಓಮ್ ಇರಬೇಕಾದ ಕಡೆ 1.5 ಓಮಿನ ಕಾಯಿಲ್ ಹಾಕಿ, ನಡುವೆ ರೆಸಿಸ್ಟರ್ ಇಡದಿದ್ದರೆ ಕರೆಂಟ್ ಇಮ್ಮಡಿ ಹರಿಯುತ್ತದೆ. ಪಾಯಿಂಟಾದರೆ ಕರಕಲು, ಮಾಡ್ಯೂಲಾದರೆ ಬೂದಿ. ಬರಿ ತಾಮ್ರದ ಪ್ಲಗ್ ವಯರುಗಳ ಗದ್ದಲ ಕೆಲವು ಮಾಡ್ಯೂಲುಗಳ ತಲೆ ಕೆಡಿಸುವುದರಿಂದ ರೋಧವಿರುವ ವಯರ್ ಬೇಕು. ಹಳೆಯ ಬ್ರಿಟಿಷ್ ಮಾದರಿಯ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಬಾಡಿಯ ಲೋಹಕ್ಕೆ ಕಟ್ಟಿರುತ್ತಾರೆ. ಅದನ್ನು ನೋಡದೆ ವಯರ್ ಜೋಡಿಸಿದರೆ ಕೀಲಿ ತಿರುವಿದ ಕೂಡಲೇ ದುಡ್ಡು ಹೊಗೆ. ಇದೆಲ್ಲಕ್ಕಿಂತ ಮೊದಲು ಡಿಸ್ಟ್ರಿಬ್ಯೂಟರಿನ ಶಾಫ್ಟ್ ಹಿಡಿದು ಅತ್ತಿತ್ತ ಅಲುಗಿಸಬೇಕು. ಬುಷ್ ಸವೆದಿದ್ದರೆ ಶಾಫ್ಟ್ ತೂಗಾಡಿ ನಾಲ್ಕು ಸಿಲಿಂಡರಿಗೆ ನಾಲ್ಕು ಟೈಮಿಂಗ್ ಆಗುತ್ತದೆ. ಲೇತ್ ಅಂಗಡಿಯಲ್ಲಿ ಹೊಸ ಬುಷ್ ಹಾಕಿಸಿದರೆ, ಮಾಡ್ಯೂಲಿನಿಂದ ಬಯಸಿದ ಲಾಭದಲ್ಲಿ ಒಳ್ಳೆಯ ಪಾಲು ಅಲ್ಲೇ ಕೈಸೇರುತ್ತದೆ.

ಎದುರು ವಾದಗಳಲ್ಲಿ ಗಟ್ಟಿಯಾದದ್ದು ದಾರಿಯ ರಿಪೇರಿಯದು. ಪಾಯಿಂಟ್ ಕೈಕೊಟ್ಟರೆ ಎಮರಿ ಕಾಗದದಿಂದ ಉಜ್ಜಿ, ಸಂದು ಕಣ್ಣಂದಾಜಿಗೆ ಇಟ್ಟು ಊರು ಮುಟ್ಟಬಹುದು. ಮಾಡ್ಯೂಲ್ ಸತ್ತರೆ ಸತ್ತಂತೆಯೇ. ಬ್ಯಾಟರಿ ತೀರ ಇಳಿದಾಗ ತಳ್ಳಿ ಚಾಲೂ ಮಾಡುವುದಕ್ಕೂ ಪಾಯಿಂಟೇ ಮೇಲು, ಮಾಡ್ಯೂಲ್ ಎಚ್ಚರವಾಗಲು ಒಂದಿಷ್ಟು ವೋಲ್ಟ್ ಬೇಕೇಬೇಕು. ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಎಮರಿ ಉಜ್ಜಿ ಸಂದು ಹೊಂದಿಸುವ ಕೈಗಳು ಗ್ಯಾರೇಜುಗಳಲ್ಲಿ ಕಡಿಮೆಯಾಗುತ್ತಿವೆ. 2000ದ ಆಸುಪಾಸಿನಲ್ಲಿ ಇಂಜೆಕ್ಷನ್ ಕಾರುಗಳು ಬಂದ ಮೇಲೆ ಕೆಲಸ ಕಲಿತ ಹುಡುಗರಿಗೆ ಪಾಯಿಂಟ್ ಕಂಡದ್ದೇ ಅಪರೂಪ. ಪಾಯಿಂಟ್ ಕೆಡುವುದು ಸುಲಭವಾಗಿಯೇ ಉಳಿದು ಅದನ್ನು ಸರಿಮಾಡುವುದು ಕಷ್ಟವಾದ ದಿನ ಈ ವಾದದ ಅರ್ಧ ಬಲ ಹೋಗುತ್ತದೆ. ಉಳಿದರ್ಧಕ್ಕೆ ಉತ್ತರ ಡಿಕ್ಕಿಯಲ್ಲಿದೆ: ತೆಗೆದ ಪಾಯಿಂಟು, ಅದರ ಜೊತೆಗಿನ ಕಂಡೆನ್ಸರು, ಒಂದು ಸ್ಕ್ರೂಡ್ರೈವರ್.

ಮೂಲ ರೂಪ ಕೆಡುತ್ತದೆ ಎಂಬುದು ಇನ್ನೊಂದು ಆಕ್ಷೇಪ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮ, 50 ವರ್ಷ ದಾಟಿದ ಗಾಡಿಯ ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಇರಬಾರದು ಎನ್ನುತ್ತದೆ. ಅಂಥ ನೋಂದಣಿಯ ಗಾಡಿಯನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ. ಧರ್ಮಸ್ಥಳದ ಕಾರು ಸಂಗ್ರಹದಲ್ಲಿ ನಿಂತ ಗಾಡಿಗೆ ಪಾಯಿಂಟೇ ಶೋಭೆ, ಅಲ್ಲಿ ಅದು ದಾಖಲೆ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಹೋಗಿಬರುವ ಅಂಬಾಸಿಡರಿನ ಮಾತು ಬೇರೆ. ಮುಚ್ಚಳದಡಿ ಅಡಗಿ, ಎರಡು ಸ್ಕ್ರೂ ಬಿಚ್ಚಿದರೆ ಹೊರಬರುವ ತುಂಡನ್ನು ದೊಡ್ಡ ಮಾರ್ಪಾಡು ಎನ್ನಲು ನನಗೆ ಮನಸ್ಸಾಗದು. ಡಿಸ್ಟ್ರಿಬ್ಯೂಟರನ್ನೇ ಕಿತ್ತು ಕಂಪ್ಯೂಟರ್ ಕೂರಿಸಿದರೆ ಅದು ಬೇರೆ ಗಾಡಿ.

ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲಿನ ಪೆಟ್ರೋಲ್ ಹೊಸ ಪ್ರಶ್ನೆ ಎತ್ತಿದೆ. ಎಥನಾಲಿನ ತೂಕದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಆಮ್ಲಜನಕವೇ. ಹಾಗಾಗಿ ಹಳೇ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ, ತೆಳು ಮಿಶ್ರಣ ಹೊತ್ತಿಸಲು ಕಷ್ಟ. ಜೆಟ್ ಸರಿಪಡಿಸದೆ ಇಗ್ನಿಷನ್ ಒಂದನ್ನೇ ಬದಲಿಸಿದರೆ ಮಿಸ್ಸಿಂಗ್ ನಿಲ್ಲುವುದಿಲ್ಲ. ಮೆಕ್ಯಾನಿಕ್ ಮೊದಲು ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಲಿ. ಬೆಳ್ಳಗಿದ್ದರೆ ಕೆಲಸ ಕಾರ್ಬ್ಯುರೇಟರಿನಿಂದ ಶುರುವಾಗಬೇಕು, ಕಂದು ಬಣ್ಣವಿದ್ದರೆ ಡಿಸ್ಟ್ರಿಬ್ಯೂಟರಿನ ಕ್ಲಿಪ್ ಬಿಡಿಸಬಹುದು.